ಅಲ್ಲಿರುವ ನೀಲಾ

ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಗೋಡೆಯ ಮೇಲಿನ ಡಬ್ಬಿ ಮಾತಾಡಿತು.

“ನೀಲಾಂಬಿಕಾ ಅವರೇ, ನಿಮ್ಮಲ್ಲಿ ಏನಾದರೂ ಬದಲಾಗಿದೆಯೇ?”

ಅಂಗೈಗೆಲ್ಲ ಹಿಟ್ಟು ಮೆತ್ತಿತ್ತು. ಹಂಚಿನ ಮೇಲಿದ್ದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುವ ಹೊತ್ತು, ತಡವಾದರೆ ಬಿರಿಯುತ್ತದೆ. ನೀಲಾಂಬಿಕಾ ತಲೆಯೆತ್ತದೆ, “ಏನಿಲ್ಲ, ಎಲ್ಲಾ ಹಂಗ ಐತಿ” ಅಂದಳು. ಡಬ್ಬಿಯ ದೀಪ ಒಮ್ಮೆ ಮಿನುಗಿ ಹಸಿರಾಗಿ ನಿಂತಿತು.

ಬಾಗಿಲ ಬಳಿ ಕೂತು ಪುಂಡಿಪಲ್ಯ ಸೋಸುತ್ತಿದ್ದ ಅತ್ತೆ ಶಿವಗಂಗವ್ವ ನಕ್ಕಳು. “ನಿನ್ನ ಉತ್ತರ ಅದಕ್ಕ ಬಾಯಿಪಾಠ ಆಗಿರಬೇಕು ನೋಡು. ಎಷ್ಟು ತಿಂಗಳಾದ ಮ್ಯಾಲೆ ಇವತ್ತ ಕೇಳ್ತು. ಇವತ್ತೂ ಏನಿಲ್ಲ!”

“ಹೇಳಾಕ ಏನೈತ್ರೀ ಅತ್ತಿ?”

“ನನ್ನ ದಿನಾ ಕೇಳ್ತೈತಿ. ನಾನೂ ದಿನಾ ಹೇಳ್ತೀನಿ. ನಿನ್ನೆ ಮಣಕಾಲು ನೋವು ಹೇಳ್ದೆ, ಮ್ಯಾಲಿನ ಮನಿಯಾಕಿ ನಮ್ಮ ಒಣಗಿಸಿದ ಅರಿವಿ ಮ್ಯಾಲೆ ನೀರು ಚೆಲ್ಲಿದ್ದು ಹೇಳ್ದೆ. ನನ್ನ ಮಗಗ ಎಲ್ಲಾ ಗೊತ್ತಿರ್ಲಿ.”

ಶಿವಗಂಗವ್ವನ ಮಗ, ನೀಲಾಂಬಿಕಾಳ ಗಂಡ ಗುರುಸಿದ್ಧ, ನಾಲ್ಕು ವರ್ಷಗಳಿಂದ ಮಂಗಳ ಗ್ರಹದಲ್ಲಿದ್ದ. ಹುಬ್ಬಳ್ಳಿಯ ಸುತ್ತಮುತ್ತ ಬೋರ್‌ವೆಲ್ ಕೊರೆಯುತ್ತಿದ್ದವನನ್ನು ಅಲ್ಲಿಯ ವಸತಿಗೆ ನೆಲದಡಿಯ ಮಂಜುಗಡ್ಡೆ ಕೊರೆದು ನೀರು ತೆಗೆಯಲು ಕರೆದೊಯ್ದಿದ್ದರು.

ಇಲ್ಲಿಂದ ಆಡಿದ ಮಾತು ಅಲ್ಲಿಗೆ ಮುಟ್ಟಲು ಹೆಚ್ಚುಕಡಿಮೆ ಇಪ್ಪತ್ತು ನಿಮಿಷ ಬೇಕು, ಅಲ್ಲಿಂದ ಉತ್ತರ ಬರಲು ಇನ್ನೊಂದು ಇಪ್ಪತ್ತು. ಊಟ ಆಯಿತೇ ಎಂದು ಕೇಳಿ, ಪಾತ್ರೆ ತೊಳೆದು ಒರೆಸಿಟ್ಟು ಬಂದರೂ ಉತ್ತರ ಬಂದಿರುವುದಿಲ್ಲ. ಗುರುಸಿದ್ಧನಿಗಿಂತ ಮೊದಲು ಹೋದವರ ಮನೆಗಳೆಲ್ಲ ಕೆಲವು ತಿಂಗಳಲ್ಲೇ ಸೋತವು. ಮಾತೇ ನಿಂತುಹೋದ ಮನೆಗಳೂ ಇದ್ದವು. ಆಮೇಲೆ ಬಂದದ್ದು ಪಡಿಯಚ್ಚು. ಒಬ್ಬರ ಮುಖ, ದನಿ, ನೆನಪು, ಮಾತಿನ ವರಸೆ ಎಲ್ಲವನ್ನೂ ಸೇರಿಸಿ ಒಂದು ಅಚ್ಚು ಮಾಡಿ, ಅವರೊಡನೆ ಮಾತಾಡಬೇಕಾದವರ ಹತ್ತಿರದ ದಾಸ್ತಾನಿನಲ್ಲಿ ಇಡುವುದು. ಗುರುಸಿದ್ಧನ ಅಚ್ಚು ಇಲ್ಲಿ. ಅವನ ಹೆಂಡತಿ ಮತ್ತು ತಾಯಿಯ ಅಚ್ಚುಗಳು ಅಲ್ಲಿ. ಕೇಳಿದ ಕೂಡಲೇ ಉತ್ತರ. ಅಚ್ಚು ಹಳಸಬಾರದೆಂದು ಡಬ್ಬಿಯು ನಿಜವಾದ ಮನುಷ್ಯರನ್ನು ಆಗಾಗ ಕೇಳುತ್ತದೆ, ಅವರು ಹೇಳಿದ್ದನ್ನು ಅಚ್ಚಿಗೆ ಸೇರಿಸುತ್ತದೆ. ದೀಪ ಹಸಿರಾಗಿದ್ದರೆ ಅಚ್ಚು ತಾಜಾ. ಅದರೊಡನೆ ಆಡಿದ ಮಾತು ಆ ಮನುಷ್ಯರೊಡನೆ ಆಡಿದ ಹಾಗೆಯೇ. ಇದನ್ನು ಎಲ್ಲರೂ ಒಪ್ಪಿಕೊಂಡಿದ್ದರು, ಒಪ್ಪಿಕೊಂಡು ಮರೆತೂ ಬಿಟ್ಟಿದ್ದರು.

ಗುರುಸಿದ್ಧ ಮಾತುಗಾರ. ಅವನ ಡಬ್ಬಿ ಪ್ರತಿದಿನ ಕೇಳುತ್ತಿತ್ತು, ಅವನು ಕೊರೆಯುವ ಯಂತ್ರದ ಹಲ್ಲು ಮುರಿದದ್ದರಿಂದ ಹಿಡಿದು ತನಗೆ ಬಿದ್ದ ಕನಸಿನವರೆಗೆ ಎಲ್ಲ ಹೇಳುತ್ತಿದ್ದ. ಹಾಗಾಗಿ ಹುಬ್ಬಳ್ಳಿಯ ಅಡುಗೆಮನೆಯಲ್ಲಿದ್ದ ಗುರುಸಿದ್ಧ ಯಾವತ್ತೂ ನಿನ್ನೆಯ ಗುರುಸಿದ್ಧನೇ ಆಗಿರುತ್ತಿದ್ದ.

ಅಂದು ಸಂಜೆ ನೀಲಾಂಬಿಕಾ ಕೆಲಸದಿಂದ ಬಂದು, ಸ್ಕೂಟರ್ ನಿಲ್ಲಿಸಿ, ಚಹಾ ಲೋಟ ಹಿಡಿದು ಡಬ್ಬಿಯ ಮುಂದೆ ಕೂತಾಗ ಅವನು ಬಹಳ ಖುಷಿಯಲ್ಲಿದ್ದ.

“ಬಾ ಬಾ ನೀಲಾ. ಮೊನ್ನೆ ನೀ ಬೀಸೋ ಕಲ್ಲಿನ ಪದ ಹಾಡಿದಿ ನೋಡು, ನಮ್ಮ ಪಾಳಿಯವರೆಲ್ಲಾ ಬಂದು ಹಿಂದ ನಿಂತುಬಿಟ್ರು. ನಮ್ಮ ಮೇಲ್ವಿಚಾರಕ ಅಂವ ನಗೋದು ಅಂದ್ರ ಏನಂತ ಗೊತ್ತಿಲ್ಲದಂವ, ಅಂವಾನೂ ತಾಳ ಹಾಕಿದ!”

ನೀಲಾಂಬಿಕಾಳಿಗೆ ಮೊದಲು ಅರ್ಥವಾಗಲಿಲ್ಲ. “ನಾ ಹಾಡಿದ್ನಾ?”

“ಮತ್ಯಾರು? ಜಡಿ ಹೆಣಕೋಂತ ಹಾಡಿದಿ. ಎಷ್ಟುದ್ದ ಐತಿ ನಿನ್ನ ಜಡಿ, ತೊಡಿಮ್ಯಾಲೆ ಹಾವಿನಂಗ ಬಿದ್ದಿತ್ತು.”

ಅವಳ ಕೈ ತಾನಾಗಿ ಕತ್ತಿನ ಹಿಂದೆ ಹೋಯಿತು. ಎರಡು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ ಮೇಲೆ ಕೂದಲು ಉದುರತೊಡಗಿ, ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಹಾಡು ನಿಂತು ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಶಸ್ತ್ರಚಿಕಿತ್ಸೆಯ ವಿಷಯ ಅವನಿಗೆ ಹೇಳಕೂಡದೆಂದು ಅತ್ತೆಯಿಂದ ಆಣೆ ಮಾಡಿಸಿಕೊಂಡಿದ್ದಳು. ಅಷ್ಟು ದೂರದಲ್ಲಿರುವವನು ಕೇಳಿ ಏನು ಮಾಡಿಯಾನು, ಸುಮ್ಮನೆ ಹೆದರುತ್ತಾನೆ.

“ಮತ್ತ ನೋಡು,” ಗುರುಸಿದ್ಧ ಅಂದ, “ಎರಡನೇ ಅವಧಿದು ನನಗ ಭಾಳ ಚಿಂತಿ ಇತ್ತು. ಇನ್ನೂ ಐದು ವರ್ಸ ಅಂದ್ರ ಸಣ್ಣ ಮಾತಲ್ಲ. ನೀ ಹೂಂ ಅಂದಿ, ಎದಿ ಹಗುರಾತು. ಸೋಮವಾರ ಸಹಿ ಹಾಕ್ತೀನಿ.”

“ನಾ ಹೂಂ ಅಂದೆ?”

“ಒಂದ್ಸಲ ಕೇಳಿ ಬಿಟ್ಟಿಲ್ಲವಾ, ಮೂರು ಸಲ ಕೇಳೀನಿ. ಮೂರೂ ಸಲ ನಕ್ಕೋಂತ ಅಂದಿ, ‘ನೀವು ಕೆಲಸ ಮುಗಿಸೇ ಬರ್ರಿ, ನನಗೇನಾಗೈತಿ’ ಅಂತ.”

ಆ ಮಾತು ಅವಳದೇ. ನಾಲ್ಕು ವರ್ಷದ ಹಿಂದೆ ಅವನು ಹೊರಟ ದಿನ, ಅಳು ಬರುತ್ತದೆಂದು ಹೆದರಿ, ನಕ್ಕು ಹೇಳಿದ್ದಳು. ಅಳು ಅಚ್ಚಿನಲ್ಲಿ ಬಿದ್ದಿರಲಿಲ್ಲ, ನಗು ಬಿದ್ದಿತ್ತು.

ಚಹಾ ಕೆನೆಗಟ್ಟಿತು. ಇವನಿಗೆ ಏನು ಹೇಳಿದರೂ ಪ್ರಯೋಜನವಿಲ್ಲ; ಇಲ್ಲಿಯ ಗುರುಸಿದ್ಧನಿಗೆ ಹೇಳಿದ್ದು ಅಲ್ಲಿಗೆ ಹೋಗುವುದಿಲ್ಲ, ಇವನೂ ಅಚ್ಚು. ಐದು ವರ್ಷ ಎಂಬ ಮಾತಿಗಿಂತ ಆ ‘ನಕ್ಕೋಂತ’ ಎಂಬ ಮಾತು ಅವಳನ್ನು ಹೆಚ್ಚು ಚುಚ್ಚಿತು. ಈ ನಾಲ್ಕು ವರ್ಷದಲ್ಲಿ ತನ್ನನ್ನು ಯಾರೂ ಯಾವುದಕ್ಕೂ ಮೂರು ಸಲ ಕೇಳಿರಲಿಲ್ಲ. ಗಂಡ ಮೂರು ಸಲ ಕೇಳಿದ್ದು ಅವಳನ್ನು, ಅಲ್ಲಿರುವವಳನ್ನು.

ಮರುದಿನ ಶನಿವಾರ. ನೀಲಾಂಬಿಕಾ ಕೆಲಸ ಮಾಡುತ್ತಿದ್ದದ್ದು ಗದಗ ರಸ್ತೆಯ ಪಡಿಯಚ್ಚು ದಾಸ್ತಾನು ಕೇಂದ್ರದಲ್ಲಿ, ಮನೆಯವರ ದೂರು ಕೇಳುವ ವಿಭಾಗದಲ್ಲಿ. ಗುರುಸಿದ್ಧನಿಗೆ ಅದೂ ಗೊತ್ತಿರಲಿಲ್ಲ; ಸೊಸೆಯ ಸುದ್ದಿ ಸೊಸೆಯೇ ಹೇಳಲಿ ಎಂದು ಅತ್ತೆ ಬಿಟ್ಟಿದ್ದಳು. ಕೆಲಸ ಸಿಕ್ಕ ವಾರ ಡಬ್ಬಿ ಕೇಳಿದಾಗ ಹೇಳಬೇಕೆಂದೇ ಇದ್ದಳು. ಅಷ್ಟರಲ್ಲಿ ಹಾಲು ಉಕ್ಕಿತ್ತು.

ಯಂತ್ರಗಳ ತಂಪು ಕೋಣೆಯಲ್ಲಿ ರೇಷ್ಮಾ ನದಾಫ್ ಒಬ್ಬಳೇ ಇದ್ದಳು. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು. ಅಚ್ಚುಗಳ ಗಡುವು ನೋಡಿಕೊಳ್ಳುವುದು ಅವಳ ಕೆಲಸ.

“ಏನಕ್ಕಾ, ಮುಖ ಹಿಂಗ್ಯಾಕ? ಅತ್ತಿ ಮತ್ತ ಶುರು ಮಾಡಿದ್ರೇನು?”

“ನನ್ನ ಅಚ್ಚು ಎಷ್ಟು ಹಳೇದು ನೋಡು.”

ರೇಷ್ಮಾ ನೋಡಿದಳು. ಹುಬ್ಬು ಮೇಲೇರಿತು. “ಗಡುವು ಇನ್ನೂ ಐತಿ, ಹಸಿರು ಐತಿ. ಆದ್ರ ಒಳಗಿಂದು… ಅಕ್ಕಾ, ಇದು ಭಾವ ಹೋದಾಗ ತಗೊಂಡಿದ್ದು. ಒಮ್ಮೆನೂ ಬದಲಾಗಿಲ್ಲ.”

ನಿಯಮ ಇಬ್ಬರಿಗೂ ಗೊತ್ತಿತ್ತು. ದಾಸ್ತಾನಿಗೆ ಮನುಷ್ಯರು ಯಾವಾಗ ಬದಲಾಗುತ್ತಾರೆಂದು ತಿಳಿಯದು. ಅದು ಅಂದಾಜು ಮಾಡುತ್ತದೆ. ಒಬ್ಬರು ಎಷ್ಟು ಕಾಲ ಬದಲಾಗದೆ ಇದ್ದರೋ ಅದರ ಹತ್ತರಲ್ಲೊಂದು ಪಾಲಿನಷ್ಟು ಕಾಲ ಮುಂದೆಯೂ ಬದಲಾಗಲಾರರು ಎಂದು ನಂಬುತ್ತದೆ. ಹತ್ತು ದಿನ ಹಾಗೇ ಇದ್ದವರನ್ನು ಒಂದು ದಿನ ಕೇಳುವುದಿಲ್ಲ, ಹತ್ತು ತಿಂಗಳು ಹಾಗೇ ಇದ್ದವರನ್ನು ಒಂದು ತಿಂಗಳು. ದಿನಾ ಬದಲಾಗುವ ಶಿವಗಂಗವ್ವನನ್ನು ದಿನಾ ಕೇಳುತ್ತದೆ. ಏನಿಲ್ಲ ಅಂದವರನ್ನು ಇನ್ನಷ್ಟು ನಂಬಿ, ಇನ್ನಷ್ಟು ತಡವಾಗಿ ಕೇಳುತ್ತದೆ. ನಿನ್ನೆಯ ರೊಟ್ಟಿಯ ಹೊತ್ತಿನ ಉತ್ತರಕ್ಕೆ ಅಲ್ಲಿರುವ ನೀಲಾಳಿಗೆ ಸುಮಾರು ಐದು ತಿಂಗಳ ಹಸಿರು ಸಿಕ್ಕಿತ್ತು. ಸೋಮವಾರ ಅದರೊಳಗೇ ಬರುತ್ತಿತ್ತು.

“ಇಲ್ಲಿ ಕೂತು ಎಲ್ಲರಿಗೂ ತಿಳಿಸಿ ಹೇಳ್ತೀರಿ,” ರೇಷ್ಮಾ ಅಂದಳು, “ನೀವ ಏನಿಲ್ಲ ಏನಿಲ್ಲ ಅಂದ್ರ ಹ್ಯಾಂಗ್ರೀ?”

“ನಾವು ಎಲ್ಲಾರೂ ಹಂಗ ಅಂತೀವಲ್ಲ ರೇಷ್ಮಾ. ಮನಿಗೆ ಬಂದಾಕಿ ‘ಹ್ಯಾಂಗದೀ’ ಅಂದ್ರ ಮೊದಲು ಆರಾಮ ಅಂತೀವಿ. ‘ಖರೇನ ಹೇಳ’ ಅಂತಾಳ, ಏನಿಲ್ಲ ಅಂತೀವಿ. ಮೂರನೇ ಸಲ ಕೈ ಹಿಡಿದು ಕೇಳಿದ್ರ ಆವಾಗ ಹೇಳ್ತೀವಿ.”

“ಡಬ್ಬಿ ಒಂದ ಸಲ ಕೇಳ್ತೈತಿ ಅಕ್ಕಾ.”

“ಹೂಂ.”

ಆಮೇಲೆ ನೀಲಾಂಬಿಕಾ, “ಆಕಿನ್ನ ತೋರ್ಸು” ಅಂದಳು.

ಅಲ್ಲಿಗೆ ಕಳಿಸಿದ ಪ್ರತಿ ಅಚ್ಚಿನ ಜೋಡಿಯೊಂದು ಪರೀಕ್ಷೆಗೆಂದು ಕೇಂದ್ರದಲ್ಲೂ ಇರುತ್ತಿತ್ತು. ಅಲ್ಲಿ ಆದ ಮಾತೆಲ್ಲ ಇದಕ್ಕೂ ಗೊತ್ತಿರುತ್ತಿತ್ತು. ರೇಷ್ಮಾ ಪರದೆ ತಿರುಗಿಸಿ, ಕುರ್ಚಿ ಬಿಟ್ಟುಕೊಟ್ಟು, ಚಹಾದ ನೆಪ ಹೇಳಿ ಹೊರಗೆ ಹೋದಳು.

ಪರದೆಯ ಮೇಲೆ ಜಡೆ ಮುಂದಕ್ಕೆ ಹಾಕಿಕೊಂಡ ಹೆಂಗಸೊಬ್ಬಳು ಕಣ್ಣರಳಿಸಿ ನೋಡಿದಳು. ಕೆನ್ನೆ ತುಂಬಿಕೊಂಡಿತ್ತು. ಕನ್ನಡಕವಿರಲಿಲ್ಲ.

“ಯಾರ್ರೀ ನೀವು? ಇವರ ಕೆಲಸದ ಕಡಿಯವರೇನು?”

ನೀಲಾಂಬಿಕಾ ತನ್ನ ಕನ್ನಡಕ ಸರಿಪಡಿಸಿಕೊಂಡಳು. “ಹೂಂ. ಕೇಂದ್ರದಾಕಿ.”

“ಕೂಡ್ರಿ ಮತ್ತ. ಚಹಾ ಕುಡದ್ರ್ಯಾ? ನಾ ಇಲ್ಲಿಂದ ಕೊಡಾಕ ಬರಂಗಿಲ್ಲ, ಕೇಳಾಕರ ಬರ್ತೈತಿ.” ಆಕೆ ನಕ್ಕಳು. ಎಂಥ ನಗು ಅದು. ಗಂಟಲಿನಿಂದಲ್ಲ, ಹೊಟ್ಟೆಯಿಂದ ಬರುತ್ತಿತ್ತು. ನೀಲಾಂಬಿಕಾ ಸೀರೆಯ ಮೇಲಿನಿಂದಲೇ ಹೊಟ್ಟೆಯ ಹೊಲಿಗೆಯ ಗುರುತನ್ನು ಒತ್ತಿಕೊಂಡಳು.

“ನಿಮ್ಮವರಿಗೆ ಇನ್ನೈದು ವರ್ಸಕ್ಕ ನೀವು ಹೂಂ ಅಂದ್ರಂತ.”

“ಅಂದೆ. ಪಾಪ, ಎಷ್ಟು ಹೆದರಿಕೋಂತ ಕೇಳಿದ್ರು! ಬ್ಯಾಡ ಅಂದ್ರ ಅವರ ಮುಖ ಸಣ್ಣದಾಗ್ತೈತಿ. ನನಗ ನೋಡಾಕಾಗಂಗಿಲ್ಲ.”

“ಇಲ್ಲಿ ಒಬ್ಬಾಕಿನ ಇರಬೇಕಲ್ಲ ನೀವು?”

“ಎಲ್ಲಿ ಒಬ್ಬಾಕಿ? ದಿನಾ ಸಂಜಿಕೆ ಬಂದು ಕೂಡ್ತಾರಲ್ಲ.” ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಆಕೆ ತಗ್ಗಿದ ದನಿಯಲ್ಲಿ ಅಂದಳು, “ಮೊದಲು ಊರಾಗಿದ್ದಾಗ ಇವರು ಇಷ್ಟು ಮಾತಾಡ್ತಿರಲಿಲ್ರೀ. ಗಾಡಿ, ಕಲ್ಲು, ಕೇಸಿಂಗ್ ಪೈಪು. ಅಲ್ಲಿಗೆ ಹೋದ ಮ್ಯಾಲೆ ನನಗೊಬ್ಬಾಕಿಗೆ ಏನೇನ ಹೇಳ್ಯಾರಂತೀರಿ! ಸಣ್ಣಾಂವ ಇದ್ದಾಗ ಅಪ್ಪ ಹೊಡದದ್ದು, ಅದಕ್ಕ ಅತ್ತದ್ದು… ಹೋಗ್ಲಿ ಬಿಡ್ರಿ, ಅದೆಲ್ಲಾ ಹೊರಗಿನವರ ಮುಂದ ಹೇಳೋದಲ್ಲ.”

ಹೊರಗಿನವರು. ನೀಲಾಂಬಿಕಾ ಪರದೆ ಆರಿಸಿದಳು.

ಅವನು ಅತ್ತದ್ದು ಅವಳಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಗುರುಸಿದ್ಧ ಯಂತ್ರದ ಹಲ್ಲಿನ ಕತೆ ಹೇಳಿದ್ದ, ಕನಸು ಹೇಳಿದ್ದ, ಅಳು ಹೇಳಿರಲಿಲ್ಲ. ಡಬ್ಬಿಗೆ ಅವನೂ ಎಲ್ಲವನ್ನೂ ಹೇಳುತ್ತಿರಲಿಲ್ಲ ಹಾಗಾದರೆ. ಅಳುವುದನ್ನು ಅಲ್ಲಿಗೇ ಇಟ್ಟುಕೊಂಡಿದ್ದ, ಆ ಜಡೆಯವಳ ಬಳಿಗೆ. ಬೇರೆ ಹೆಂಗಸಾಗಿದ್ದರೆ ಬಾಯಿ ತುಂಬ ಬೈಯಬಹುದಿತ್ತು. ಅತ್ತೆಗೆ ಹೇಳಬಹುದಿತ್ತು, ತವರಿಗೆ ಹೇಳಬಹುದಿತ್ತು. ಇವಳನ್ನು ಏನೆಂದು ಬೈಯುವುದು? ತನ್ನದೇ ಮೂಗುತಿ, ತನ್ನದೇ ಮಾತು, ತಾನು ಬಿಟ್ಟು ಬಂದ ನಗು.

ರೇಷ್ಮಾ ಎರಡು ಲೋಟ ಹಿಡಿದು ಬಂದು ಅವಳ ಮುಖ ನೋಡಿದಳು. “ಒರೆಸಿಬಿಡ್ಲಾ ಅಕ್ಕಾ? ಒಂದ ಗುಂಡಿ. ಹಳಸೇತಿ ಅಂತ ಗುರುತು ಹಾಕಿದ್ರ ಇದೂ ಹೋಗ್ತೈತಿ, ಅಲ್ಲಿಂದೂ ಹೋಗ್ತೈತಿ. ಮನಿಯವರದು ಮುಟ್ಟಿದ್ರ ನಿಮ್ಮ ಕೆಲಸ ಹೋಗ್ತದ, ಅದಕ್ಕ ನೀವು ಒತ್ತಬ್ಯಾಡ್ರಿ. ನಾ ಒತ್ತತೀನಿ.”

ನೀಲಾಂಬಿಕಾ ಒಂದು ಲೋಟ ತೆಗೆದುಕೊಂಡಳು. ಒರೆಸಿದರೆ ಹೊಸ ಅಚ್ಚು ಆಗುತ್ತದೆ. ಕತ್ತಿನ ಮಟ್ಟದ ಕೂದಲು, ದಪ್ಪ ಕನ್ನಡಕ, ಸಿಡುಕು ದನಿ. ಗುರುಸಿದ್ಧ ಅದರ ಮುಂದೆ ಕೂತು ಹೋದವಳನ್ನು ನೆನೆದು ಮರುಗುತ್ತಾನೆ. ಇದ್ದಾಗಲೇ ಇಷ್ಟು ಚೆಲುವೆಯಾದವಳು, ಇಲ್ಲದಾದರೆ ಇನ್ನೆಷ್ಟು ಚೆಲುವೆಯಾದಾಳು.

“ಬ್ಯಾಡ,” ಅಂದಳು.

“ಹಂಗಾದ್ರ ನೇರ ಹೇಳಿ ಕಳಿಸ್ರಿ. ‘ಕೂಡಿಡಬೇಡ’ ಅಂತ ಗುರುತು ಹಾಕಿ. ದಾಸ್ತಾನು ಅದನ್ನ ಮುಟ್ಟಂಗಿಲ್ಲ, ಅಚ್ಚಿಗೂ ಹೋಗಂಗಿಲ್ಲ. ಭಾವ ಒಮ್ಮೆ ಕೇಳ್ತಾರ, ಅಷ್ಟ. ಯಾರೂ ಈಗ ಹಂಗ ಕಳಿಸಂಗಿಲ್ಲ ಬಿಡ್ರಿ, ಕಾಯೋದು ಯಾರು? ಆದ್ರ ದಾರಿ ಇನ್ನೂ ಐತಿ.”

ಆ ಮಾತು ನೀಲಾಂಬಿಕಾಳಿಗೆ ಹಿಡಿಸಿತು. ಸಾಮಾನ್ಯ ದಾರಿಯಲ್ಲಿ ಏನು ಕಳಿಸಿದರೂ ಅದು ಮೊದಲು ಆಕೆಯ ಕೈಗೇ ಹೋಗುತ್ತದೆ. ತನ್ನ ಹೊಲಿಗೆಯ ಗುರುತನ್ನೂ ಆಕೆ ತೊಟ್ಟುಕೊಂಡು, ನಕ್ಕು, ಅವನಿಗೆ ನೋವಾಗದ ಹಾಗೆ ತೋರಿಸುತ್ತಾಳೆ. ಅದೊಂದನ್ನು ಆಕೆಗೆ ಕೊಡಲಾರೆ.

ಮನೆಗೆ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಶಿವಗಂಗವ್ವ ಮೇಲಿನ ಮನೆಯವಳೊಡನೆ ರಾಜಿಯಾಗಿ ಅವಳ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದಳು. ನೀಲಾಂಬಿಕಾ ಬಾಗಿಲು ಮುಂದೆ ಮಾಡಿ, ಡಬ್ಬಿಯಲ್ಲಿ ‘ಕೂಡಿಡಬೇಡ’ ಗುರುತು ಹಾಕಿದಳು. ಬೆಳಿಗ್ಗೆಯಿಂದ ಜೋಡಿಸಿಕೊಂಡಿದ್ದ ದೊಡ್ಡ ದೊಡ್ಡ ಮಾತುಗಳು ಹೊರಗೆ ಬರಲಿಲ್ಲ.

“ನಾನ್ರೀ, ನೀಲಾ. ಹೂಂ ಅಂದಾಕಿ ನಾ ಅಲ್ಲ. ಮೊನ್ನೆ ಹಾಡಿದಾಕೀನೂ ನಾ ಅಲ್ಲ. ನನಗ ಈಗ ಜಡಿ ಇಲ್ಲ. ದವಾಖಾನ್ಯಾಗ ಮಲಗಿ ಎದ್ದೀನಿ, ನಿಮಗ ಹೇಳಿಲ್ಲ. ನೀವು ಬರಬೇಕೋ ಅಲ್ಲೇ ಇರಬೇಕೋ, ನನಗ ಇನ್ನೂ ತಿಳಿದಿಲ್ಲ. ಸಹಿ ಹಾಕೋದರೊಳಗ ನನ್ನ ಕೇಳ್ರಿ. ಆಕಿನ್ನಲ್ಲ, ನನ್ನ.”

ಕಳಿಸಿದಳು. ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆದು ಮಡಚಿದಳು. ಮಾತು ಈಗ ಎಲ್ಲಿ ಹೋಗುತ್ತಿರಬಹುದೆಂದು ಎಣಿಸಿದಳು; ಅರ್ಧ ದಾರಿ, ಮುಕ್ಕಾಲು ದಾರಿ. ಈಗ ಮುಟ್ಟಿತು. ಈಗ ಕೇಳುತ್ತಿದ್ದಾನೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನೂ ತಾನೂ ಒಂದೇ ಮಾತಿನಲ್ಲಿ ಇದ್ದೇವೆ ಅನ್ನಿಸಿತು. ಈಗ ಉತ್ತರ ಹೊರಟಿರಬೇಕು.

ಬರಬೇಕಾದ ಹೊತ್ತಿಗೆ ಉತ್ತರ ಬರಲಿಲ್ಲ. ದೀಪ ಹಚ್ಚುವ ಹೊತ್ತಾಯಿತು, ಆಗಲೂ ಇಲ್ಲ. ಈ ಹೆಚ್ಚಿನ ಹೊತ್ತು ಅವನು ಎಲ್ಲಿದ್ದಾನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಡ ತಡವಾಗಿ ಮನೆಗೆ ಬರುವ ಹೆಂಗಸರು ಬಾಗಿಲ ಕಡೆ ನೋಡುವ ಹಾಗೆ ಅವಳು ಡಬ್ಬಿಯ ಕಡೆ ನೋಡುತ್ತ ನಿಂತಳು.

ಕೊನೆಗೆ ಅವನ ದನಿ ಬಂತು. ಅಚ್ಚಿನ ಗುರುಸಿದ್ಧನ ಉತ್ಸಾಹ ಅದರಲ್ಲಿರಲಿಲ್ಲ. ಉಸಿರು ಕೇಳುತ್ತಿತ್ತು, ಹಿಂದೆ ಯಾವುದೋ ಗಾಳಿಯಂತ್ರ ಕೇಳುತ್ತಿತ್ತು.

“ನೀಲಾ… ನಿನ್ನ ಮಾತು ಬಂತು. ಒಮ್ಮೆ ಬಂದು ಹೋಗಿಬಿಡ್ತು, ಮತ್ತ ಕೇಳಬೇಕಂದ್ರ ಸಿಗಲಿಲ್ಲ. ದನಿ ಬ್ಯಾರೆ ಕೇಳ್ತು. ದವಾಖಾನಿ ಅಂದ್ಯಲ್ಲ? ನನಗ ಹೆದರಿಕಿ ಆತು. ಅದಕ್ಕ ಒಳಗ ಹೋಗಿ ನೀಲಾನ್ನ ಕೇಳ್ದೆ. ಆಕಿ ಅಂದ್ಲು, ‘ನೀಲಾ ಹಂಗ ಮಾತಾಡಾಕಿ ಅಲ್ರೀ, ಯಾರೋ ಚ್ಯಾಷ್ಟಿ ಮಾಡ್ಯಾರ, ಇಲ್ಲಂದ್ರ ಸುಮ್ಮ ದಣಿದಿರಬೇಕು’ ಅಂತ. ದೀಪಾನೂ ಹಸಿರ ಐತಿ. ನೀ ದಣಿದಿದ್ರ ಆರಾಮ ತಗೋ. ಚಿಂತಿ ಮಾಡಬ್ಯಾಡ, ನೀನೂ ನಾನೂ ಎಲ್ಲಾ ಮಾತಾಡಿ ಮುಗಿಸೀವಿ.”

ಅಷ್ಟೇ.

ಒಳಗ ಹೋಗಿ ನೀಲಾನ್ನ ಕೇಳ್ದೆ. ಅವಳ ಬಗ್ಗೆ ತಿಳಿಯಲು ಅವನಿಗೆ ಹೋಗಲು ಒಂದು ಕೋಣೆಯಿತ್ತು, ಅಲ್ಲಿ ಒಬ್ಬಳಿದ್ದಳು, ಆ ಒಬ್ಬಳು ಇವಳನ್ನು ಗುರುತಿಸಲಿಲ್ಲ. ಎರಡನೆಯ ಸಲ, ಅದೂ ಒಂದೇ ದಿನದಲ್ಲಿ. ನೀಲಾಂಬಿಕಾಳಿಗೆ ಅಳು ಬರಲಿಲ್ಲ. ಅವನ ಮೇಲೆ ಸಿಟ್ಟೂ ಬರಲಿಲ್ಲ; ಪಾಪ, ಹೆದರಿದ್ದ, ಹೆದರಿದಾಗ ಗಂಡಸು ಹೆಂಡತಿಯ ಬಳಿ ಹೋಗುತ್ತಾನೆ. ಹೋದದ್ದು ಹೆಂಡತಿಯ ಬಳಿಗೇ ಎಂದು ಅವನು ನಂಬಿದ್ದ. ಹಸಿರು ದೀಪ ಅವನಿಗೆ ಹಾಗೆ ಮಾತು ಕೊಟ್ಟಿತ್ತು.

ಶಿವಗಂಗವ್ವ ಒಳಗೆ ಬಂದು ಚಪ್ಪಲಿ ಬಿಟ್ಟಳು. “ನನ್ನ ಮಗನ ದನಿ ಕೇಳಿದಂಗಾತು. ಏನಂತಾನ?”

“ದಣದೀಯೇನು ಅಂತ ಕೇಳಿದ್ರು.”

“ಅದನ್ನರ ಕೇಳಿದ್ನಲ್ಲ. ಎಷ್ಟು ಕಾಳಜಿ ನೋಡು ನಿನ್ನ ಮ್ಯಾಲೆ.”

“ಹೌದ್ರೀ ಅತ್ತಿ,” ಎಂದು ನೀಲಾಂಬಿಕಾ ಮಡಚಿದ ಬಟ್ಟೆ ಎತ್ತಿಕೊಂಡಳು.

ನಾಳೆ ಭಾನುವಾರ. ರೇಷ್ಮಾಳಿಗೆ ರಜೆ, ತಂಪು ಕೋಣೆಯ ಕೀಲಿ ದೂರು ವಿಭಾಗದವರ ಬಳಿ, ಎಂದರೆ ತನ್ನ ಬಳಿ ಇರುತ್ತದೆ. ಒರೆಸುವ ಗುಂಡಿ ಯಾರು ಒತ್ತಿದರೆಂದು ಸೋಮವಾರ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗಲಿ. ಆ ಪಾಪವನ್ನು ರೇಷ್ಮಾಳ ಬೆರಳಿಗೆ ಹಚ್ಚುವುದಿಲ್ಲ. ಹೊಸ ಅಚ್ಚಿಗೆ ಕೂರೆಂದು ಕರೆದರೆ ಹೋಗುವುದಿಲ್ಲ. ಒರೆಸುವ ಮೊದಲು ಆ ಬೀಸೋ ಕಲ್ಲಿನ ಪದವನ್ನು ಒಮ್ಮೆ ಹಾಡೆಂದು ಕೇಳಬೇಕು ಅಂದುಕೊಂಡಳು. ಆಮೇಲೆ, ಬೇಡ, ಕೇಳಿದರೆ ಕೈ ಏಳಲಿಕ್ಕಿಲ್ಲ ಅಂದುಕೊಂಡಳು.

ಕಪಾಟಿನಲ್ಲಿ ಬಟ್ಟೆ ಜೋಡಿಸುತ್ತ ಅವಳು ನಾಳೆಯ ಸಂಜೆಯನ್ನು ನೋಡುತ್ತಿದ್ದಳು. ಸಹಿಯ ಹಿಂದಿನ ಸಂಜೆ. ಗುರುಸಿದ್ಧ ಕೈಕಾಲು ತೊಳೆದು ಒಳಗೆ ಹೋಗುತ್ತಾನೆ. ನೀಲಾ ಎಂದು ಕರೆಯುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ. ಆಗ ಅವನು ಒಂದೋ ಸುಮ್ಮನಾಗಬೇಕು, ಇಲ್ಲವೇ ಅಷ್ಟು ದೂರದಿಂದ ಅವಳನ್ನೇ ಕರೆದು, ಉತ್ತರ ಬರುವ ತನಕ ಕಾಯಬೇಕು.